ಒಂದು ನೂಲು ಓರೆ

ಆಟಿ ತಿಂಗಳ ಮಳೆಯಲ್ಲಿ, ಕುಂಬಳೆಯಿಂದ ಬದಿಯಡ್ಕಕ್ಕೆ ಬರುವ ದಾರಿಯ ಒಂದು ತಿರುವಿನಲ್ಲಿ ನನ್ನ ಸ್ಕೂಟರ್ ಜಾರಿತು. ಬಲ ಮೊಣಕಾಲು ಮಡಚಿದಂತೆಯೇ ಹೋಗಿ ಯಾರದೋ ಮನೆಯ ಮುರಕಲ್ಲಿನ ಗೋಡೆಗೆ ಬಡಿಯಿತು. ಹತ್ತಿರದ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು, "ಎಲುಬಿಗೇನೂ ಆಗಿಲ್ಲ, ಉಳುಕಿದೆ" ಎಂದು ಪಟ್ಟಿ ಸುತ್ತಿ ಕಳುಹಿಸಿದರು. ಶಾಲೆಗೆ ರಜೆ ಹಾಕಬೇಕಿಲ್ಲವೆಂದು ನನಗೂ ಸಮಾಧಾನವೇ.

ಬೆಳಗಾಗುವಾಗ ಮೊಣಕಾಲು ಗುಜ್ಜೆಯಂತಾಗಿತ್ತು. ತಲಪಾಡಿ ದಾಟಿ ಮಂಗಳೂರಿಗೆ ಹೋದೆವು. ಅಲ್ಲಿನ ಡಾಕ್ಟರು ಕೀಲಿಗೆ ಸೂಜಿ ಚುಚ್ಚಿ ರಕ್ತ ತೆಗೆದು, ಸ್ಟೀಲಿನ ಬಟ್ಟಲಿಗೆ ಬಿಟ್ಟು, ಸುಮ್ಮನೆ ನೋಡುತ್ತ ನಿಂತರು. ಸಾರಿನ ಮೇಲೆ ತುಪ್ಪ ತೇಲುವಂತೆ ಸಣ್ಣ ಸಣ್ಣ ಎಣ್ಣೆ ಹನಿಗಳು ಮೇಲೆ ಬಂದವು. "ಮಜ್ಜೆಯ ಕೊಬ್ಬು. ಎಲ್ಲೋ ಎಲುಬು ಬಿರಿದಿದೆ" ಎಂದರು.

ಸಿಟಿ ಸ್ಕ್ಯಾನಿನಲ್ಲಿ ಕಳ್ಳ ಸಿಕ್ಕಿಬಿದ್ದ. ತೊಡೆಯೆಲುಬಿನ ಕೆಳತುದಿಯ ಎರಡು ಉರುಟು ಗಂಟುಗಳಲ್ಲಿ ಹೊರಗಿನದರ ಹಿಂಭಾಗ ಕೊಬ್ಬರಿ ಹೋಳಿನಂತೆ ಸೀಳಿ ನಿಂತಿತ್ತು. ಎದುರಿನಿಂದ ತೆಗೆದ ಎಕ್ಸ್‌ರೇಯಲ್ಲಿ ಮುಂದಿನ ಎಲುಬು ಇದನ್ನು ಮರೆಮಾಡಿಬಿಡಬಹುದು. ಹೋಫಾ ಮುರಿತವೆಂದು ಹೆಸರು. ಜರ್ಮನಿಯ ಆಲ್ಬರ್ಟ್ ಹೋಫಾ 1904ರಲ್ಲೇ ಬರೆದಿದ್ದರಂತೆ. ನಾನು ಮೊದಲು ಹೋದ ಆಸ್ಪತ್ರೆಗೆ ಸುದ್ದಿ ಇನ್ನೂ ತಲುಪಿರಲಿಲ್ಲ.

ಪ್ಲಾಸ್ಟರ್ ಸಾಲದೇ ಎಂದು ಕೇಳಿದೆ. ಚೂರು ಜಾರುತ್ತದೆ, ಸ್ಕ್ರೂ ಹಾಕಲೇಬೇಕು ಎಂದು ಡಾಕ್ಟರು ಚೀಟಿಯ ಹಿಂದೆ ಚಿತ್ರ ಬರೆದರು. ಸ್ಕ್ರೂವಿನ ಸುತ್ತುಗಳು ತುದಿಯಲ್ಲಿ ಮಾತ್ರ, ಕುತ್ತಿಗೆ ನುಣುಪು. ಸುತ್ತುಗಳೆಲ್ಲ ಬಿರುಕು ದಾಟಿ ಹಿಂದಿನ ಚೂರನ್ನೇ ಕಚ್ಚಬೇಕು. ಬಿಗಿಮಾಡಿದಂತೆ ಚೂರು ಎಳೆದುಕೊಂಡು ಬಂದು ಎಲುಬಿಗೆ ಒತ್ತಿ ಕೂರುತ್ತದೆ. ಸ್ಕ್ರೂವಿನ ತಲೆ ಕೀಲಿನ ಮೃದ್ವಸ್ಥಿಯಿಂದ ಕೆಳಗೆ ಇಳಿದಿರಬೇಕು, ಇಲ್ಲವಾದರೆ ಎದುರಿನ ಎಲುಬನ್ನು ತರಚುತ್ತದೆ. ಹಲಗೆಗೆ ಹಲಗೆ ಕೂರಿಸುವಾಗ ನಮ್ಮ ನೆರೆಯ ಆಚಾರಿ ಮಾಡುವುದೂ ಇದನ್ನೇ. ಅದರಿಂದಲೋ ಏನೋ, ಸಹಿ ಹಾಕುವಾಗ ಕೈ ನಡುಗಲಿಲ್ಲ.

ಸೊಂಟದ ಕೆಳಗೆ ಮಾತ್ರ ಮರಗಟ್ಟಿಸಿದ್ದರಿಂದ ಡ್ರಿಲ್ಲಿನ ಸದ್ದು ಕೇಳಿಸಿತು. ಉಳಿದದ್ದು ನೆನಪಿಲ್ಲ.

ಕಾಲು ಊರಬಾರದು, ಆದರೆ ಮಡಚುವುದನ್ನು ಬೇಗ ಶುರು ಮಾಡಬೇಕು, ತಡವಾದರೆ ಕೀಲು ಬಿಗಿದುಕೊಳ್ಳುತ್ತದೆ. ಮೂರನೆಯ ದಿನ ವ್ಯಾಯಾಮ ಮಾಡಿಸಲು ಬಂದ ಹುಡುಗಿ ತೆಂಕಣ ಕೇರಳದವಳು. "ಮಾಷೇ, ಮುಟ್ಟ್ ಮಡಕ್ಕೂ" ಎಂದಳು. ಕಾಸರಗೋಡಿನಲ್ಲೇ ಹುಟ್ಟಿದರೂ ನನ್ನ ಮಲಯಾಳ ಬಸ್ಸಿನ ಬೋರ್ಡು ಓದುವಷ್ಟಕ್ಕೇ. ಹೇಳಿಕೇಳಿ ಕನ್ನಡ ಮಾಷ್ಟ್ರು. ಕೈಚಾಚಿ ಅವಳು ತೋರಿಸಿದಲ್ಲಿ ಮುಟ್ಟಿದೆ. ಅವಳ ಭಾಷೆಯಲ್ಲಿ ಮುಟ್ಟೆಂದರೆ ಮಂಡಿ ಎಂದು ತಿಳಿದದ್ದು ಅವಳೇ ಹಿಡಿದು ಮಡಚಿದ ಮೇಲೆ. ನಾನು ಬೊಬ್ಬೆ ಹೊಡೆದದ್ದು ತುಳುವಿನಲ್ಲಿ.

ಆರು ವಾರ ಕಳೆದು ಆಚಾರಿ ನೋಡಲು ಬಂದ. ಹೊಸ ಎಕ್ಸ್‌ರೇಯನ್ನು ಅಂಗಳಕ್ಕೆ ಒಯ್ದು, ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದ.

"ಕೆಲಸ ಪರವಾಗಿಲ್ಲ ಮಾಷ್ಟ್ರೇ. ಮೇಲಿನದು ಮಾತ್ರ ಒಂದು ನೂಲು ಓರೆ."