ಯೂನಿಯನ್‌ಗೆ ಹೇಳದೆ ಮೆಷಿನ್ ಆಫ್ ಮಾಡೋ ಮುಂಚೆ

ದಾವಣಗೆರೆಗೆ ಮುಷ್ಕರ ಹೊಸದಲ್ಲ. ಕಾಟನ್ ಮಿಲ್ಲುಗಳಿದ್ದ ಕಾಲದಲ್ಲಿ ಕಾರ್ಮಿಕರ ಲೀಡರ್ ಪಂಪಾಪತಿ ಅವ್ರನ್ನ ಕೆಂಬಾವುಟದ ಪಕ್ಷದಿಂದ ಮೂರು ಸಲ ವಿಧಾನಸಭೆಗೆ ಕಳಿಸಿದ ಊರು ಇದು. ಅಂಥ ಊರಲ್ಲೇ ಈಗ ಹುಡುಗ್ರು ನೋಟಿಸ್ ಇಲ್ಲ, ಯೂನಿಯನ್ ಮೀಟಿಂಗ್ ಇಲ್ಲ, ಸಿಟ್ಟು ಬಂತು ಅಂತ ಶಿಫ್ಟ್ ಮಧ್ಯದಲ್ಲೇ ಕೆಲಸ ನಿಲ್ಲಿಸಿ ಗೇಟ್ ಹತ್ರ ಕೂತ್ಕೊಳ್ತಾರೆ, ಆಮೇಲೆ ಕಂಪನಿಯಿಂದ ಚಾರ್ಜ್‌ಶೀಟ್, ಅಂದ್ರೆ ನೀನು ಇಂಥ ತಪ್ಪು ಮಾಡಿದ್ದೀಯ ಅನ್ನೋ ಆರೋಪಪತ್ರ, ಕೈಗೆ ಬಂದಾಗ ಉತ್ತರ ಬರ್ಕೊಡಿ ಅಣ್ಣ ಅಂತ ನನ್ನಂಥೋರ ಹತ್ರ ಬರ್ತಾರೆ. ಅವ್ರ ಸಿಟ್ಟು ಸುಳ್ಳಲ್ಲ, ಓಟಿ (ಓವರ್‌ಟೈಮ್) ದುಡ್ಡು ಕೊಟ್ಟಿರಲ್ಲ, ಕ್ಯಾಂಟೀನ್ ಊಟ ಬಾಯಿಗಿಡೋಕಾಗಲ್ಲ, ಸೂಪರ್‌ವೈಸರ್ ಬಾಯಿಗೆ ಬಂದಂಗೆ ಬೈದಿರ್ತಾನೆ. ಆದ್ರೆ ಕೂತಿದ್ದು ಎಲ್ಲರೂ ಸೇರಿ, ಶಿಕ್ಷೆ ಬರೋದು ಮಾತ್ರ ಒಬ್ಬೊಬ್ಬರ ಹೆಸರಿಗೆ, ಒಬ್ಬೊಬ್ಬರ ಟೋಕನ್ ನಂಬರಿಗೆ. ಇದನ್ನ ಮುಂಚೆನೇ ಯಾರೂ ಹೇಳಲ್ಲ ಅನ್ನೋದೇ ನನ್ನ ಸಂಕಟ.

ಕಾನೂನು ಈಗ ಮೊದಲಿಗಿಂತ ಬಿಗಿಯಾಗಿದೆ. ಹಳೇ 1947ರ ಕೈಗಾರಿಕಾ ವಿವಾದ ಕಾಯ್ದೆಲಿ ಮುಷ್ಕರಕ್ಕೆ ಮುಂಚೆ ನೋಟಿಸ್ ಕೊಡ್ಬೇಕು ಅಂತಿದ್ದಿದ್ದು ರೈಲ್ವೆ, ನೀರು, ಕರೆಂಟ್ ತರದ ಸಾರ್ವಜನಿಕ ಸೇವೆಗಳಿಗೆ ಮಾತ್ರ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧ ಸಂಹಿತೆಲಿ ಎಲ್ಲಾ ಫ್ಯಾಕ್ಟರಿಗೂ 14 ದಿನದ ನೋಟಿಸ್ ಬೇಕೇ ಬೇಕು. ಲೇಬರ್ ಆಫೀಸರ್ ರಾಜಿ ಮಾತುಕತೆ ನಡೆಸ್ತಿದ್ರೆ ಅದು ಮುಗಿದು 7 ದಿನ ಆಗೋವರೆಗೂ ಮುಷ್ಕರ ಮಾಡಂಗಿಲ್ಲ. ಮ್ಯಾನೇಜ್‌ಮೆಂಟ್ ಜೊತೆ ಆಗಿರೋ ಒಪ್ಪಂದ, ಅಂದ್ರೆ ಸೆಟಲ್‌ಮೆಂಟ್, ಜಾರಿಲಿದ್ರೆ ಅದರಲ್ಲಿರೋ ವಿಷಯಕ್ಕೂ ಮಾಡಂಗಿಲ್ಲ. ಅರ್ಧಕ್ಕರ್ಧ ಜನ ಒಟ್ಟಿಗೆ ಕ್ಯಾಶುವಲ್ ಲೀವ್ ಹಾಕಿದ್ರೂ ಅದನ್ನ ಮುಷ್ಕರ ಅಂತನೇ ಲೆಕ್ಕ ಹಾಕ್ತಾರೆ. ನೋಟಿಸ್ ಕೊಟ್ಟ ಕೂಡ್ಲೇ ರಾಜಿ ಮಾತುಕತೆ ಶುರು ಮಾಡಿ ಮುಷ್ಕರನೇ ಮಾಡಕ್ಕಾಗದಂಗೆ ಮಾಡಬಹುದು ಅಂತ ಕಾರ್ಮಿಕ ಸಂಘಟನೆಗಳು ಇದನ್ನ ವಿರೋಧಿಸ್ತಿರೋದು ಸರಿಯಾಗೇ ಇದೆ, ನಂದೂ ಅದೇ ಮಾತು. ಆದ್ರೆ ವಿರೋಧ ಬೇರೆ, ಗೊತ್ತಿಲ್ಲದೆ ಹೋಗಿ ಸಿಕ್ಕಾಕ್ಕೊಳ್ಳೋದು ಬೇರೆ.

ಸಿಕ್ಕಾಕ್ಕೊಂಡ್ರೆ ಮೊದ್ಲು ಹೋಗೋದು ಸಂಬಳ. ಹತ್ತು ಜನ ಅಥವಾ ಜಾಸ್ತಿ ಜನ ಸೇರಿ, ಕೊಡಬೇಕಾದ ನೋಟಿಸ್ ಕೊಡದೆ, ಸರಿಯಾದ ಕಾರಣನೂ ಇಲ್ಲದೆ ಗೈರಾದ್ರೆ 8 ದಿನದ ಸಂಬಳದವರೆಗೂ ಹಿಡಿಯೋ ಅವಕಾಶ ಇದೆ, ನೀವು ಕೂತಿದ್ದು ಒಂದೇ ದಿನ ಆಗಿದ್ರೂ. ಬ್ಯಾಂಕ್ ನೌಕರರು ನಾಲ್ಕು ಗಂಟೆ ಮುಷ್ಕರ ಮಾಡಿದ್ದಕ್ಕೆ ಇಡೀ ದಿನದ ಸಂಬಳ ಹಿಡಿಯೋ ಹಕ್ಕು ಬ್ಯಾಂಕಿಗಿದೆ ಅಂತ ಸುಪ್ರೀಂ ಕೋರ್ಟ್ 1990ರಲ್ಲೇ ಹೇಳಿದೆ. 1994ರ ಸಿಂಡಿಕೇಟ್ ಬ್ಯಾಂಕ್ ಕೇಸಲ್ಲಿ ಮುಷ್ಕರದ ದಿನಗಳ ಸಂಬಳ ಬೇಕಂದ್ರೆ ಅದು ಕಾನೂನುಬದ್ಧವೂ ಆಗಿರ್ಬೇಕು, ನ್ಯಾಯವಾದ ಕಾರಣಕ್ಕೂ ಆಗಿರ್ಬೇಕು ಅಂತ ತೀರ್ಪು ಬಂತು. ಕಾರಣ ಎಷ್ಟೇ ನ್ಯಾಯವಾಗಿರ್ಲಿ, ನೋಟಿಸ್ ಕೊಟ್ಟಿಲ್ಲ ಅಂದ್ರೆ ಅಲ್ಲೇ ಮುಗೀತು. ಇದರ ಮೇಲೆ ದಂಡ 1,000ದಿಂದ 10,000 ರೂಪಾಯಿವರೆಗೆ, ಇಲ್ಲಾಂದ್ರೆ ಒಂದು ತಿಂಗಳವರೆಗೆ ಜೈಲು, ಎರಡೂ ಆಗಬಹುದು, ಬೇರೆಯವ್ರನ್ನ ಎಬ್ಬಿಸಿದೋರಿಗೆ ದಂಡ ಇನ್ನೂ ಜಾಸ್ತಿ. ಇನ್ನೊಂದು ಯಾರಿಗೂ ಕಾಣದ ಪೆಟ್ಟು ಇದೆ, ಕೆಲಸದಿಂದ ತೆಗೆದಾಗ ಸಿಗೋ ಪರಿಹಾರಕ್ಕೆ ಸತತ ಸೇವೆ ಲೆಕ್ಕ ಹಾಕ್ತಾರಲ್ಲ, ಅದರಲ್ಲಿ ಕಾನೂನುಬದ್ಧ ಮುಷ್ಕರದ ದಿನಕ್ಕೆ ರಕ್ಷಣೆ ಇದೆ, ಅಕ್ರಮ ಮುಷ್ಕರಕ್ಕಿಲ್ಲ.

2021ರ ಏಪ್ರಿಲ್‌ನ ಸಾರಿಗೆ ಮುಷ್ಕರ ನೆನಪಿರ್ಬೇಕು ನಿಮಗೆ, ನಮ್ಮೂರ ಬಸ್ ಸ್ಟ್ಯಾಂಡಲ್ಲಿ ಪ್ರೈವೇಟ್ ಬಸ್ ಬಂದು ನಿಲ್ತಿದ್ವು. 6ನೇ ವೇತನ ಆಯೋಗದ ಸಂಬಳ ಕೊಡಿ ಅಂತ ಹಳೇ ಯೂನಿಯನ್ ಫೆಡರೇಷನ್‌ಗಳಲ್ಲ, ಸಾರಿಗೆ ನೌಕರರ ಕೂಟ ಅನ್ನೋ ಬೇರೆ ಸಂಘಟನೆ ಕರೆ ಕೊಟ್ಟಿದ್ದು. ಏಪ್ರಿಲ್ 7ಕ್ಕೆ ಶುರುವಾಗಿ ಹೈಕೋರ್ಟ್ ಮಾತಾಡಿದ ಮೇಲೆ 21ಕ್ಕೆ ನಿಂತಿತು. ಅಷ್ಟರಲ್ಲಿ ವಜಾ, ಸಸ್ಪೆನ್ಷನ್, ವರ್ಗಾವಣೆ ಅಂತ ಸಾವಿರಾರು ಮನೆಗಳಿಗೆ ಪೆಟ್ಟು ಬಿದ್ದಿತ್ತು. ಮುಂಬೈಲಿ 1982ರಲ್ಲಿ ಕಾರ್ಮಿಕರ ಲೀಡರ್ ದತ್ತಾ ಸಾಮಂತ್ ಹಿಂದೆ ಸುಮಾರು ಎರಡೂವರೆ ಲಕ್ಷ ಮಿಲ್ ಕಾರ್ಮಿಕರು ಹೊರಗೆ ಬಂದಾಗಲೂ ಅಲ್ಲಿ ಮಾನ್ಯತೆ ಇದ್ದ ಯೂನಿಯನ್ ಬೇರೆ ಇತ್ತು, ಮಾಲೀಕರು ಸಾಮಂತ್ ಜೊತೆ ಮಾತಾಡಲ್ಲ ಅಂತ ಕೂತ್ರು, ಎಷ್ಟೋ ಜನ ಮತ್ತೆ ಮಿಲ್ ಒಳಗೆ ಕಾಲಿಡಲೇ ಇಲ್ಲ.

ಇದಕ್ಕೆಲ್ಲ ಹುಡುಗ್ರನ್ನೇ ಬೈದು ಪ್ರಯೋಜನ ಇಲ್ಲ, ನಾನು ನೋಡಿರೋ ಪ್ರಕಾರ ಇಂಥ ದಿಢೀರ್ ಮುಷ್ಕರ ಮ್ಯಾನೇಜ್‌ಮೆಂಟ್ ಮೇಲಿನ ಸಿಟ್ಟು ಎಷ್ಟೋ ಅಷ್ಟೇ ಯೂನಿಯನ್ ಮೇಲಿನ ಸಿಟ್ಟೂ ಹೌದು. ಚಂದಾ ಎತ್ತೋಕೆ ತಿಂಗಳಿಗೊಂದ್ಸಲ ಬರೋ ಪದಾಧಿಕಾರಿ ಸೆಟಲ್‌ಮೆಂಟ್‌ಗೆ ಸೈನ್ ಹಾಕಿದ್ದನ್ನ ನೋಟಿಸ್ ಬೋರ್ಡ್‌ಗೂ ಅಂಟಿಸಿರಲ್ಲ. ಅದೇ ಕಾಗದ ಆಮೇಲೆ ಹುಡುಗ್ರ ಕುತ್ತಿಗೆಗೆ ಬರುತ್ತೆ. ಪದಾಧಿಕಾರಿಗಳೇ, ಕನ್ನಡದಲ್ಲಿ ಒಂದು ಪುಟ ಬರೆದು ಗೇಟಲ್ಲಿ ಹಂಚೋಕೆ ಏನು ಕಷ್ಟ ನಿಮಗೆ?

ಈಗಾಗ್ಲೇ ಚಾರ್ಜ್‌ಶೀಟ್ ಬಂದಿರೋರು ಧೈರ್ಯ ಬಿಡಬೇಡಿ. ಮುಷ್ಕರದಲ್ಲಿದ್ದ ಅನ್ನೋ ಒಂದೇ ಕಾರಣಕ್ಕೆ ಎಲ್ಲರನ್ನೂ ಸಾರಾಸಗಟಾಗಿ ತೆಗೆದುಹಾಕಂಗಿಲ್ಲ, ಯಾರು ಏನು ಮಾಡಿದ್ರು ಅಂತ ಬೇರೆ ಬೇರೆಯಾಗಿ ಸಾಬೀತು ಮಾಡ್ಬೇಕು ಅಂತ ಗುಜರಾತ್ ಸ್ಟೀಲ್ ಟ್ಯೂಬ್ಸ್ ಕೇಸಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸುಮ್ನೆ ಕೂತಿದ್ದವನೂ ಗಲಾಟೆ ಮಾಡಿದವನೂ ಒಂದೇ ಅಲ್ಲ. ಕೊಟ್ಟಿರೋ ಗಡುವಿನೊಳಗೆ ಲಿಖಿತವಾಗಿ ಉತ್ತರ ಕೊಡಿ, ಕಾಪಿಗೆ ಸೀಲ್ ಹಾಕಿಸ್ಕೊಳ್ಳಿ, ಎನ್‌ಕ್ವೈರಿಗೆ ತಪ್ಪದೆ ಹೋಗಿ. ವಿಚಾರಣೆ ಬಾಕಿ ಇಟ್ಟು ಸಸ್ಪೆಂಡ್ ಮಾಡಿದ್ರೆ ಮೊದಲ 90 ದಿನ ಅರ್ಧ ಸಂಬಳ ಜೀವನಾಧಾರ ಭತ್ಯೆಯಾಗಿ ಬರಬೇಕು, ಬರದಿದ್ರೆ ಅದನ್ನೂ ಬರೆದು ಕೇಳಿ. ಮ್ಯಾನೇಜ್‌ಮೆಂಟ್ ಮುಂದಿಡೋ ಕ್ಷಮಾಪಣೆ ಪತ್ರಕ್ಕೆ ಯಾರಿಗೂ ತೋರಿಸದೆ ಸೈನ್ ಮಾತ್ರ ಹಾಕಬೇಡಿ.