ನುಂಗಿದ ಟಕಾರ

ಆ ಗುರುವಾರ ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರವರೆಗೆ ನಾನು ಮಗಳ ಮನೆಯ ಕಿಟಕಿಯ ಬಳಿ ಕುಳಿತು ಒಬ್ಬ ಪ್ಲಂಬರನಿಗಾಗಿ ಕಾದೆ. ಪಿಟ್ಸ್‌ಬರ್ಗ್ ನಗರದ ಪೂರ್ವಕ್ಕಿರುವ ಮನ್ರೋವಿಲ್‌ನಲ್ಲಿ ಅದು ಡಿಸೆಂಬರ್ ತಿಂಗಳ ಮೊದಲ ವಾರ; ಎರಡು ದಿನಗಳ ಹಿಂದೆ ಬಿದ್ದ ಹಿಮ ರಸ್ತೆಯ ಅಂಚಿನಲ್ಲಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ಮಗಳು, ಅಳಿಯ ಇಬ್ಬರೂ ಕೆಲಸಕ್ಕೆ ಹೋಗಿದ್ದರು. ಹತ್ತಿರದ ಪೆನ್ ಹಿಲ್ಸ್‌ನಲ್ಲಿ 1970ರ ದಶಕದಲ್ಲಿ ಕಟ್ಟಿದ ವೆಂಕಟೇಶ್ವರ ದೇವಸ್ಥಾನಕ್ಕೆ ತಮ್ಮ ಕಾರಿನಲ್ಲಿ ಕರೆದೊಯ್ಯುತ್ತೇವೆಂದು ನೆರೆಮನೆಯ ತೆಲುಗು ದಂಪತಿ ಹೇಳಿದ್ದರು. ಪ್ಲಂಬರ್ ಬರುವ ದಿನ ಮನೆ ಬಿಡಲಾಗದೆಂದು ನಾನು ದರ್ಶನವನ್ನೂ ಅಲ್ಲಿನ ಪುಳಿಯೋಗರೆಯನ್ನೂ ಒಟ್ಟಿಗೇ ಕಳೆದುಕೊಂಡಿದ್ದೆ. ಪ್ಲಂಬರ್ ಬರಲಿಲ್ಲ.

ಆತ ಬರುತ್ತೇನೆಂದು ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದ್ದೆ. ನೆಲಮಾಳಿಗೆಯಲ್ಲಿ ವಾಷಿಂಗ್ ಮಷೀನಿನ ಹಿಂದೆ ನೀರು ಸೋರುತ್ತಿದೆಯೆಂದು ಮಂಗಳವಾರ ಬಂದು ನೋಡಿದವನು, ಮೊಣಕಾಲೂರಿ ಟಾರ್ಚ್ ಹಾಕಿ, ಒಂದು ವಾಲ್ವನ್ನು ಬೆರಳಿನಿಂದ ತಟ್ಟಿ, ಎದ್ದು ನಿಂತು, “ಐ ಕ್ಯಾನ್ ಕಮ್ ಥರ್ಸ್‌ಡೇ” ಎಂದಿದ್ದ. ಆಮೇಲೆ ಶುಕ್ರವಾರದ ಬಗ್ಗೆಯೂ ಏನೋ ಹೇಳಿದ. ಗುರುವಾರ ಕೆಲಸ ಮುಗಿಯದಿದ್ದರೆ ಶುಕ್ರವಾರವೂ ಬರಬಹುದು ಎಂಬ ಸೌಜನ್ಯದ ಮಾತಿರಬೇಕೆಂದು ನಾನು ಅರ್ಥಮಾಡಿಕೊಂಡೆ. ಧಾರವಾಡದ ಕಾಲೇಜೊಂದರಲ್ಲಿ 31 ವರ್ಷ ಇಂಗ್ಲಿಷ್ ಕಲಿಸಿದವಳಿಗೆ ಐದು ಪದಗಳೂ ಇಲ್ಲದ ಒಂದು ವಾಕ್ಯದಲ್ಲಿ ಸಂಶಯಪಡುವಂಥದ್ದು ಏನಿರುತ್ತದೆ?

ಸಂಜೆ ಮಗಳು ಬಂದವಳೇ ಆತನಿಗೆ ಫೋನ್ ಮಾಡಿದಳು. ಎರಡು ನಿಮಿಷ ಮಾತಾಡಿ, ನಗುತ್ತಾ ಫೋನ್ ಇಟ್ಟು, “ಅಂವಾ ಬರಾಕ್ ಆಗೂದಿಲ್ಲಂತ ಹೇಳ್ಯಾನವ್ವಾ. ನೀ ಬರ್ತಾನಂತ ತಿಳ್ಕೊಂಡಿ” ಎಂದಳು. ಆತ ಹೇಳಿದ್ದು ‘ಕ್ಯಾನ್’ ಅಲ್ಲ, ‘ಕ್ಯಾಂಟ್’. ಗುರುವಾರ ಆಗುವುದಿಲ್ಲ, ಶುಕ್ರವಾರ ಬರುತ್ತೇನೆ ಎಂದು ಆತ ಸ್ಪಷ್ಟವಾಗಿಯೇ ತಿಳಿಸಿ ಹೋಗಿದ್ದ. ‘ಹಾಗಾದರೆ ಅದರ ಟಕಾರ ಎಲ್ಲಿ ಹೋಯಿತು?’ ಎಂದು ನಾನು ಕೇಳಿದ್ದಕ್ಕೆ, ಅದನ್ನು ಇಲ್ಲಿ ಯಾರೂ ಉಚ್ಚರಿಸುವುದಿಲ್ಲ ಎಂಬ ಉತ್ತರ ಬಂತು.

ಈ ದೇಶದವರು ಟಕಾರವನ್ನು ನಡೆಸಿಕೊಳ್ಳುವ ರೀತಿ ನನಗೆ ತಿಳಿಯದಿದ್ದುದಲ್ಲ. ನೀರು ‘ವಾಡರ್’ ಆಗುವುದನ್ನೂ ಇಪ್ಪತ್ತು ‘ಟ್ವೆನಿ’ ಆಗುವುದನ್ನೂ ಇಂಟರ್‌ನೆಟ್ ‘ಇನ್ನರ್‌ನೆಟ್’ ಆಗುವುದನ್ನೂ ಬಂದ ಮೊದಲ ವಾರದಲ್ಲೇ ಗಮನಿಸಿ, ನಿವೃತ್ತ ಅಧ್ಯಾಪಕಿಯ ಗತ್ತಿನಿಂದ ಒಳಗೊಳಗೇ ಅಂಕ ಕಳೆದಿದ್ದೆ. ಆದರೆ ಅವೆಲ್ಲ ರೂಪ ಕೆಟ್ಟರೂ ಅರ್ಥ ಕೆಡದ ಪದಗಳು. ಒಂದು ವಾಕ್ಯದ ಹೌದು–ಅಲ್ಲಗಳನ್ನೇ ತನ್ನ ಮೇಲೆ ಹೊತ್ತುಕೊಂಡಿರುವ ಏಕೈಕ ವ್ಯಂಜನವನ್ನು ನುಂಗಿಬಿಟ್ಟರೆ ಈ ಜನ ಪರಸ್ಪರ ವ್ಯವಹರಿಸುವುದಾದರೂ ಹೇಗೆ ಎಂಬುದು ನನಗೆ ಹೊಳೆಯಲಿಲ್ಲ.

ಆ ರಾತ್ರಿ ಊಟದ ಮೇಜಿನಲ್ಲಿ ಮಗಳು ನನ್ನನ್ನು ವಿದ್ಯಾರ್ಥಿನಿಯಂತೆ ಕೂರಿಸಿಕೊಂಡು ಎರಡೂ ವಾಕ್ಯಗಳನ್ನು ಹತ್ತು ಸಲ ಹೇಳಿ ಕೇಳಿಸಿದಳು. ಬರಬಲ್ಲೆ ಎನ್ನುವಾಗ ಅವರು ‘ಕ್ಯಾನ್’ ಎನ್ನುವುದೇ ಇಲ್ಲ. ಆ ಪದದ ಸ್ವರ ಸೊರಗಿ, ‘ಐ ಕ್‌ನ್ ಕಮ್’ ಎಂದು, ಒತ್ತೆಲ್ಲ ‘ಕಮ್’ ಎಂಬುದರ ಮೇಲೆ ಬೀಳುತ್ತದೆ. ಬರಲಾರೆ ಎನ್ನುವಾಗ ಮಾತ್ರ ‘ಕ್ಯಾನ್’ ಎಂಬ ಸ್ವರ ಪೂರ್ತಿಯಾಗಿ ಅರಳಿ, ಒತ್ತು ಅದರ ಮೇಲೆಯೇ ನಿಂತು, ಟಕಾರ ಬರಬೇಕಾದಲ್ಲಿ ಗಂಟಲು ಒಂದು ಕ್ಷಣ ಮುಚ್ಚಿಕೊಳ್ಳುತ್ತದೆ. ಹಾಗಾಗಿ ನನ್ನಂಥವರ ಕಿವಿಗೆ ‘ಕ್ಯಾನ್’ ಎಂದು ಸ್ವಚ್ಛವಾಗಿ ಕೇಳಿಸಿದರೆ ಅದು ಬಹುಮಟ್ಟಿಗೆ ‘ಆಗುವುದಿಲ್ಲ’ ಎಂದೇ ಅರ್ಥ. ನಾವು ಬ್ರಿಟಿಷರಿಂದ ಕಲಿತ ಇಂಗ್ಲಿಷಿನಲ್ಲಿ ಈ ತೊಡಕಿಲ್ಲ, ಏಕೆಂದರೆ ಅಲ್ಲಿ ನಿಷೇಧರೂಪ ‘ಕಾಂಟ್’ ಎಂಬ ದೀರ್ಘಸ್ವರದಲ್ಲಿ ಇರುತ್ತದೆ. ಟಕಾರ ಬಿದ್ದುಹೋದರೂ ಆ ದೀರ್ಘವೇ ಅರ್ಥವನ್ನು ಕಾಯುತ್ತದೆ. ಅಮೆರಿಕದಲ್ಲಿ ಎರಡಕ್ಕೂ ಸ್ವರ ಒಂದೇ ಆಗಿರುವುದರಿಂದ ಕಾಯುವ ಕೆಲಸವೆಲ್ಲ ಒತ್ತಿನ ಪಾಲಿಗೆ ಬಂದಿದೆ. ಕನ್ನಡದಲ್ಲಿ ಪದದ ಯಾವ ಅಕ್ಷರವನ್ನು ಒತ್ತಿ ನುಡಿದರೂ ಬರುವವನು ಬಾರದವನಾಗುವುದಿಲ್ಲವಾದ್ದರಿಂದ, ನಮ್ಮ ಕಿವಿ ಅಕ್ಷರಗಳನ್ನು ಎಣಿಸುತ್ತದೆಯೇ ಹೊರತು ಅವುಗಳ ತೂಕವನ್ನು ನೋಡುವುದಿಲ್ಲ.

ಗಂಟಲಿನ ಆ ತಡೆ ಮಾತ್ರ ನನಗೆ ಪರಕೀಯವೆನಿಸಲಿಲ್ಲ. ‘ಇನ್ನೊಂದು ರೊಟ್ಟಿ ಹಾಕಲೇ?’ ಎಂದು ಕೇಳಿದಾಗ ಬಾಯಿ ತುಂಬಿರುವವರು ತುಟಿ ತೆರೆಯದೆ ‘ಊಹುಂ’ ಎನ್ನುತ್ತಾರಲ್ಲ, ಆ ಸದ್ದನ್ನು ಎರಡಾಗಿ ಕತ್ತರಿಸುವುದೂ ಗಂಟಲಿನ ಇದೇ ಬಿಗಿತವೇ.

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಪ್ಲಂಬರ್ ಬಂದ. ಜೊತೆಯಲ್ಲಿ ಇಪ್ಪತ್ತರ ಆಸುಪಾಸಿನ ಹುಡುಗನೊಬ್ಬನಿದ್ದ. ಹೊಸ್ತಿಲಲ್ಲಿ ಬೂಟು ಒರೆಸಿಕೊಳ್ಳುತ್ತಾ ಮೆಟ್ಟಿಲುಗಳು ‘ಸ್ಲಿಪ್ಪಿ’ ಆಗಿವೆ, ಜೋಪಾನ ಎಂದು ನನ್ನನ್ನು ಎಚ್ಚರಿಸಿದ. ‘ಸ್ಲಿಪರಿ’ ಎಂಬ ಪದವನ್ನು ಆತ ಮೊಟಕುಗೊಳಿಸುತ್ತಿದ್ದಾನೆಂದು ನಾನು ಭಾವಿಸಿದೆ, ಆದರೆ ಅದು ಆ ಊರಿನ ಸ್ವಂತ ಪದವೆಂದು ಆಮೇಲೆ ತಿಳಿಯಿತು. ಗುರುವಾರದ ಗೊಂದಲವನ್ನು ನಾನು ಪ್ರಸ್ತಾಪಿಸಲಿಲ್ಲ, ಆತನೂ ಕೇಳಲಿಲ್ಲ. ಮೂವರೂ ನೆಲಮಾಳಿಗೆಗೆ ಇಳಿದೆವು. ವಾಲ್ವನ್ನು ತೋರಿಸಿ ಆತ ಹುಡುಗನಿಗೆ “ದಿಸ್ ನೀಡ್ಸ್ ರಿಪ್ಲೇಸ್ಡ್” ಎಂದ. ನಡುವೆ ಇರಬೇಕಾದ ‘ಟು ಬಿ’ ಎಂಬ ಎರಡು ಪದಗಳಿಗಾಗಿ ನನ್ನ ಕಿವಿ ಅಭ್ಯಾಸಬಲದಿಂದ ಕಾದು ನಿರಾಶೆಗೊಂಡಿತು. ಉತ್ತರಪತ್ರಿಕೆಯಲ್ಲಿ ಇಂಥ ವಾಕ್ಯ ಕಂಡಿದ್ದರೆ ನಾನು ಕೆಂಪು ಶಾಯಿಯಲ್ಲಿ ಗೀಟು ಹಾಕದೆ ಬಿಡುತ್ತಿರಲಿಲ್ಲ.

ಆದರೆ ಇದು ಆತುರದಲ್ಲಿ ಪದ ನುಂಗಿದ್ದಲ್ಲ. ಹದಿನೆಂಟನೆಯ ಶತಮಾನದಲ್ಲಿ ಐರ್ಲೆಂಡಿನ ಅಲ್ಸ್ಟರ್ ಪ್ರಾಂತದಿಂದ ಪಶ್ಚಿಮ ಪೆನ್ಸಿಲ್ವೇನಿಯಾಕ್ಕೆ ಬಂದು ನೆಲೆಸಿದ, ಮೂಲದಲ್ಲಿ ಸ್ಕಾಟ್ಲೆಂಡಿನವರಾದ ಜನರು ತಮ್ಮೊಂದಿಗೆ ತಂದ ವಾಕ್ಯರಚನೆ ಇದು. ಇಂದಿಗೂ ಸ್ಕಾಟ್ಲೆಂಡಿನಲ್ಲಿ ಉಳಿದಿದೆ, ಇಲ್ಲಿಂದ ಓಹಾಯೊ, ಇಂಡಿಯಾನಾಗಳ ಕಡೆಗೂ ಹರಡಿದೆ. ಮನೆ ಓರಣ ಮಾಡುವುದಕ್ಕೆ ‘ರೆಡ್ ಅಪ್’ ಎನ್ನುವುದೂ, ಪರರ ವಿಷಯದಲ್ಲಿ ಮೂಗು ತೂರಿಸುವವರನ್ನು ‘ನೆಬಿ’ ಎನ್ನುವುದೂ ಅದೇ ಗಂಟಿನಲ್ಲಿ ಬಂದವು. ಮಗಳ ಕಚೇರಿಯಲ್ಲಿ ಇದೇ ಊರಿನಲ್ಲಿ ಹುಟ್ಟಿ ಬೆಳೆದ, ಡಾಕ್ಟರೇಟ್ ಪಡೆದ ಸಹೋದ್ಯೋಗಿಯೊಬ್ಬರು ವರದಿಗಳ ಬಗ್ಗೆ ‘ನೀಡ್ಸ್ ರಿವೈಸ್ಡ್’ ಎಂದೇ ಬರೆಯುತ್ತಾರಂತೆ. ಅದು ಎಲ್ಲರ ಇಂಗ್ಲಿಷ್ ಅಲ್ಲವೆಂದು ಯಾರೋ ಹೇಳಿದಾಗ ಅವರು ನಂಬಲೇ ಇಲ್ಲವಂತೆ.

ಹನ್ನೊಂದರ ಹೊತ್ತಿಗೆ ಹಳೆಯ ವಾಲ್ವ್ ಕೈಗೆ ಬಂತು. ಪ್ಲಂಬರ್ ಅದನ್ನು ಬಕೆಟ್ಟಿಗೆ ಎಸೆದು, ಹುಡುಗನ ಕಡೆ ತಿರುಗಿ, “ಜೀಟ್ ಜೆಟ್?” ಎಂದ. “ನೋ, ಜೂ?” ಎಂದು ಹುಡುಗ ಮರುನುಡಿದ. ಮೆಟ್ಟಿಲ ಮೇಲೆ ಕುಳಿತಿದ್ದ ನನಗೆ ಇದು ಇಂಗ್ಲಿಷ್ ಎಂದೇ ಅನ್ನಿಸಲಿಲ್ಲ. ಪಂಪೋ ಪಾನೆಯೋ ಏನೋ ಒಂದು ಸಲಕರಣೆಯ ಹೆಸರಿರಬೇಕೆಂದು ಊಹಿಸಿದೆ. ಅಷ್ಟರಲ್ಲಿ ಹುಡುಗ ಚೀಲದಿಂದ ಕಾಗದದಲ್ಲಿ ಸುತ್ತಿದ ಒಂದು ಸ್ಯಾಂಡ್‌ವಿಚ್ ತೆಗೆದು ಅರ್ಧ ಮುರಿದು ಕೊಟ್ಟ. ಅದನ್ನು ಕಂಡಾಗ ಮಾತು ತಾನಾಗಿ ಬಿಡಿಸಿಕೊಂಡಿತು: ‘ಡಿಡ್ ಯು ಈಟ್ ಯೆಟ್?’, ‘ನೋ, ಡಿಡ್ ಯು?’

ನಾಲ್ಕು ಪದಗಳು ಎರಡಾಗಿದ್ದವು. ನನ್ನ ಮೊದಲ ಪ್ರತಿಕ್ರಿಯೆ ಗಾಬರಿ, ಎರಡನೆಯದು ನಾಚಿಕೆ. ಯಾಕೆಂದರೆ ನಮ್ಮ ಮನೆಯಲ್ಲಿ ಇದೇ ಪ್ರಶ್ನೆಯನ್ನು ಕೇಳುವಾಗ ‘ಊಟ ಆಯಿತೇನು ರೀ’ ಎಂದು ಬಿಡಿಬಿಡಿಯಾಗಿ ಹೇಳಿದವರನ್ನು ನಾನು ಕಂಡಿಲ್ಲ, ‘ಊಟಾತೇನ್ರಿ’ ಎಂಬ ಒಂದೇ ಉಸಿರಿನ ಪದವನ್ನಷ್ಟೇ ಕೇಳಿ ಬೆಳೆದಿದ್ದೇನೆ. ಬೆಂಗಳೂರಿನಲ್ಲಿ ಬೆಳೆದ ನನ್ನ ಸೊಸೆ ಮದುವೆಯಾದ ಹೊಸದರಲ್ಲಿ ಆ ಪದವನ್ನು ಬಿಡಿಸಿಕೊಳ್ಳಲು ತಿಣುಕುತ್ತಿದ್ದುದು ನೆನಪಾಯಿತು. ದಿನಕ್ಕೆ ಮೂರು ಸಲ ಕೇಳುವ ಪ್ರಶ್ನೆ ಸವೆಯದೆ ಇನ್ನೇನಾಗಬೇಕು? ದೇವಸ್ಥಾನದ ಹೊಸ್ತಿಲಿನಂತೆ, ಹೆಚ್ಚು ತುಳಿದಲ್ಲಿಯೇ ಹೆಚ್ಚು ಸವೆತ.

ಅಂದು ಮಧ್ಯಾಹ್ನದವರೆಗೂ ನಾನು ಅಲ್ಲಿಂದ ಕದಲಲಿಲ್ಲ. ನೆರವಾಗುವ ನೆಪವಿತ್ತಾದರೂ, ನಿಜದಲ್ಲಿ ನಾನು ಆ ಊರಿನವರ ಮಾತಿನಲ್ಲಿ ‘ನೆಬಿ’ ಆಗಿದ್ದೆ. ಆತ ಮನೆಯನ್ನು ‘ಹಾಸ್’ ಎನ್ನುತ್ತಿದ್ದ. ನಗರದ ನಡುಭಾಗವಾದ ಡೌನ್‌ಟೌನ್ ಆತನ ಬಾಯಲ್ಲಿ ‘ಡಾನ್‌ಟಾನ್’ ಆಗುತ್ತಿತ್ತು. ಅಲೆಗೆನಿ ಮತ್ತು ಮನಾಂಗಹೀಲಾ ನದಿಗಳು ಕೂಡಿ ಓಹಾಯೊ ಆಗುವ ಈ ಊರಿನಲ್ಲಿ ‘ಔ’ಕಾರ ಅರ್ಧಕ್ಕೆ ನಿಂತು ‘ಆ’ಕಾರವಾಗುವುದು ಹಳೆಯ ಕಾರ್ಮಿಕ ಬಡಾವಣೆಗಳ ಗುರುತು. ಇನ್ನು ಪ್ರತಿ ಎರಡನೆಯ ವಾಕ್ಯದ ಕೊನೆಗೆ ಬರುತ್ತಿದ್ದ ‘ಎನ್ಯಾಟ್’ ಎಂಬುದು ‘ಆ್ಯಂಡ್ ದ್ಯಾಟ್’ ಎಂಬುದರ ಕುಗ್ಗಿದ ರೂಪ. ‘ಪೈಪ್ಸ್ ಎನ್ಯಾಟ್’ ಎಂದರೆ ಪೈಪುಗೀಪು, ಅಷ್ಟೇ. ನಮ್ಮ ‘ಗೀ’ಕಾರವನ್ನು ಇಂಗ್ಲಿಷಿಗೆ ತರಲಾಗದೆಂದು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೆನೋ!

ಇಂಥ ಮಾತಿಗೆ ಲಂಗುಲಗಾಮಿಲ್ಲವೆಂಬ ನನ್ನ ನಂಬಿಕೆಯನ್ನು ಅಲ್ಲಾಡಿಸಿದ್ದು ಆತನ ‘ಗೊನ್ನ’. ನೀರು ನಿಲ್ಲಿಸುತ್ತೇನೆ ಎನ್ನುವಾಗ, ಹೊಸ ವಾಲ್ವ್ ಕೂರಿಸುತ್ತೇನೆ ಎನ್ನುವಾಗ ಆತ ತಪ್ಪದೆ ‘ಗೊನ್ನ’ ಎಂದ. ಆದರೆ ಮಧ್ಯಾಹ್ನ ಮತ್ತೊಂದು ಕೆಲಸಕ್ಕೆ ಓಹಾಯೊಗೆ ಹೋಗುತ್ತಿದ್ದೇವೆ ಎಂದು ಹೇಳುವಾಗ ‘ಗೋಯಿನ್ ಟು’ ಎಂದು ಬಿಡಿಸಿಯೇ ಹೇಳಿದ. ಮುಂದೆ ಕ್ರಿಯಾಪದ ಬಂದರಷ್ಟೇ ‘ಗೊನ್ನ’. ಊರಿನ ಹೆಸರು ಬಂದರೆ ಯಾವ ಅಮೆರಿಕನ್ನನೂ ಹಾಗೆ ಕುಗ್ಗಿಸುವುದಿಲ್ಲ. ನಮ್ಮಲ್ಲಿಯೂ ಮೀನನ್ನು ಸುಮ್ಮನೆ ಹಿಡಿದದ್ದಾದರೆ ‘ಹಿಡಿದ್ಬಿಟ್ಟ’ ಎನ್ನುತ್ತೇವೆ. ಹಿಡಿದ ಮೀನನ್ನು ಮರಳಿ ನೀರಿಗೆ ಬಿಟ್ಟದ್ದಾದರೆ ‘ಹಿಡಿದು, ಬಿಟ್ಟ’ ಎಂದು ನಡುವೆ ಉಸಿರು ಕೊಡುತ್ತೇವೆ. ಇದನ್ನು ನಮಗೆ ಯಾವ ಶಾಲೆಯೂ ಹೇಳಿಕೊಡಲಿಲ್ಲ, ಆತನಿಗೂ ಯಾರೂ ಹೇಳಿಕೊಟ್ಟಿರಲಾರರು.

1980ರ ದಶಕದಲ್ಲಿ ಇಲ್ಲಿನ ಉಕ್ಕಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದಾಗ ಸಾವಿರಾರು ಕುಟುಂಬಗಳು ಊರು ಬಿಟ್ಟವು. ಈ ನಗರದ ಮಾತನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಬಾರ್ಬರಾ ಜಾನ್‌ಸ್ಟನ್ ಅವರು ಆ ವಲಸೆಗೂ ಮಾತಿನ ಬಗೆಗಿನ ಅಭಿಮಾನಕ್ಕೂ ನಂಟಿದೆಯೆಂದು ತೋರಿಸಿದ್ದಾರೆ. ಹೊರಗೆ ಹೋದಾಗಲಷ್ಟೇ ತಮ್ಮ ಮಾತು ಬೇರೆ ಎಂಬುದು ಅವರಿಗೆ ಗೊತ್ತಾಯಿತು. ಬೆಂಗಳೂರಿನ ಬಸ್ಸಿನಲ್ಲಿ ಬಾಯಿ ತೆರೆದ ಕೂಡಲೇ ‘ಧಾರವಾಡದವರಾ?’ ಎಂದು ಕೇಳಿಸಿಕೊಂಡ ಯಾರಿಗಾದರೂ ಇದನ್ನು ವಿವರಿಸಬೇಕಿಲ್ಲ. ಈಗ ಸ್ಟ್ರಿಪ್ ಡಿಸ್ಟ್ರಿಕ್ಟ್ ಎಂಬ ಪೇಟೆಯಲ್ಲಿ ಈ ಪದಗಳನ್ನು ಅಚ್ಚುಹಾಕಿದ ಅಂಗಿಗಳನ್ನು ಮಾರುತ್ತಾರೆ. ಊರಿನ ಹೆಸರಿನ ವಿಷಯದಲ್ಲಿಯೂ ಇವರು ಹಟವಾದಿಗಳೇ: ಕೊನೆಯ ‘ಎಚ್’ ಅಕ್ಷರವನ್ನು ಕೇಂದ್ರ ಸರ್ಕಾರದ ಮಂಡಳಿ 1891ರಲ್ಲಿ ಕಿತ್ತುಹಾಕಿದರೆ, ಉಚ್ಚಾರದಲ್ಲಿ ಎಂದೂ ಕೇಳಿಸದ ಆ ಅಕ್ಷರಕ್ಕಾಗಿ ಇಪ್ಪತ್ತು ವರ್ಷ ಜಗ್ಗಾಡಿ 1911ರಲ್ಲಿ ಮರಳಿ ಪಡೆದರು.

ಕೆಲಸ ಮುಗಿದು ಬಿಲ್ ಬರೆಯುವ ಹೊತ್ತಿಗೆ ಇನ್ನೊಂದು ನಲ್ಲಿಯ ಬಗ್ಗೆ ವಿಚಾರಿಸಿದೆ. ಮುಂದಿನ ಮಂಗಳವಾರ ಬರಲು ಸಾಧ್ಯವೇ ಎಂಬ ಪ್ರಶ್ನೆಗೆ ಆತ ಕೊಟ್ಟ ಉತ್ತರವನ್ನು ನಾನು ಕಣ್ಣು ಮುಚ್ಚಿ ಕೇಳಿದೆ. ‘ಕ್ಯಾನ್’ ಎಂಬ ಸ್ವರ ಎಲ್ಲಿಯೂ ಅರಳಲಿಲ್ಲ, ಗಂಟಲು ಮುಚ್ಚಿಕೊಳ್ಳಲಿಲ್ಲ, ಒತ್ತು ನೇರವಾಗಿ ‘ಕಮ್’ ಎಂಬುದರ ಮೇಲೆ ಹೋಗಿ ಕುಳಿತಿತು. ಬರುತ್ತಾನೆ. ಆದರೂ ದಿನಾಂಕವನ್ನು ಬಿಲ್ಲಿನ ಹಿಂಬದಿಯಲ್ಲಿ ಬರೆಸಿಕೊಂಡೆ.

ಬಾಗಿಲಲ್ಲಿ ನಿಂತು ಆತ “ಸೀ ಯಿನ್ಜ್” ಎಂದು ಕೈಯೆತ್ತಿದ. ‘ಯು ಒನ್ಸ್’ ಎಂಬ ಹಳೆಯ ರೂಪದಿಂದ ಹುಟ್ಟಿದ ಈ ‘ಯಿನ್ಜ್’ ಅಮೆರಿಕದ ದಕ್ಷಿಣದವರ ‘ಯಾಲ್’ ಇದ್ದಂತೆ, ಇಂಗ್ಲಿಷಿನಲ್ಲಿ ಇಲ್ಲದ ಬಹುವಚನದ ಕೊರತೆಯನ್ನು ತುಂಬುವ ಪದವೆಂದು ಹಿಂದಿನ ರಾತ್ರಿಯಷ್ಟೇ ಮಗಳು ಹೇಳಿಕೊಟ್ಟಿದ್ದಳು. ನಾನೊಬ್ಬಳೇ ಇರುವಾಗ ಬಹುವಚನವೇಕೆ? ನಮ್ಮ ‘ನೀವು’ ಎಂಬುದರಂತೆ ಇದಕ್ಕೂ ಗೌರವಾರ್ಥ ಬಂದಿರಬೇಕು, ನನ್ನ ನರೆತ ಕೂದಲಿಗೆ ಆತ ಮರ್ಯಾದೆ ಕೊಡುತ್ತಿದ್ದಾನೆ ಎಂದು ಬಹಳ ಸಂತೋಷಪಟ್ಟು, ಎರಡೂ ಕೈ ಜೋಡಿಸಿ ನಮಸ್ಕರಿಸಿ ಬಾಗಿಲು ಹಾಕಿ ತಿರುಗಿದರೆ, ಅರ್ಧ ದಿನ ರಜೆ ಹಾಕಿ ಹಿಂಬಾಗಿಲಿನಿಂದ ಬಂದಿದ್ದ ಮಗಳು ಹಿಮದ ಬೂಟುಗಳನ್ನು ಕೈಯಲ್ಲಿ ಹಿಡಿದು ನನ್ನ ಬೆನ್ನ ಹಿಂದೆ ನಿಂತಿದ್ದಳು.