ಇಪ್ಪತ್ತು ದಾಟಿದ ಮೆದೊಕ್: ನನ್ನ ನೆಲಮಾಳಿಗೆಯ ದಾಖಲೆ, ಅಕ್ಟೋಬರ್‌ನಿಂದ ಮೇವರೆಗೆ

ಹಳೆಯ ಫ್ರೆಂಚ್ ಕೆಂಪು ವೈನ್ ಕೊಳ್ಳುವ ಈ ಹವ್ಯಾಸ ಶುರುವಾದದ್ದು ಫ್ರಾನ್ಸಿನ ತುಲೂಸ್‌ಗೆ ಬಂದು ನೆಲೆಸಿದ ಮೇಲೆ. ವೈನಿಗೆ ಹೆಸರಾದ ಬೋರ್ಡೊ ಇಲ್ಲಿಂದ ರೈಲಿನಲ್ಲಿ ಎರಡು ಗಂಟೆಯ ದಾರಿ. ನಾನೇ ಹಾಕಿಕೊಂಡ ಕಟ್ಟುಪಾಡು ಇಷ್ಟು: ವೈನು ಬೋರ್ಡೊ ಬಳಿಯ ಜಿರೋಂದ್ ನದೀಮುಖದ ಎಡದಂಡೆಯದು, ಅಂದರೆ ಮೆದೊಕ್ ಸೀಮೆಯದು ಆಗಿರಬೇಕು, ವಯಸ್ಸು ಇಪ್ಪತ್ತು ದಾಟಿರಬೇಕು, ಕಮಿಷನ್, ಸಾಗಾಟ ಎಲ್ಲ ಸೇರಿ ಬಾಟಲಿಗೆ 70 ಯೂರೊ ಮೀರಬಾರದು.

ಈ ದುಡ್ಡಿಗೆ ಲಾಫಿತ್, ಲಾತೂರ್, ಮಾರ್ಗೊದಂಥ ಅತಿ ದುಬಾರಿ ವೈನುಗಳ ಹತ್ತಿರ ಸುಳಿಯುವಂತಿಲ್ಲ. ಅದರಿಂದ ನನಗೇನೂ ಬೇಸರವಿಲ್ಲ. ಬೋರ್ಡೊದ ವೈನುಗಳನ್ನು ದರ್ಜೆಗಳಾಗಿ ವಿಂಗಡಿಸಿದ 1855ರ ವರ್ಗೀಕರಣದ ಕೆಂಪು ವೈನಿನ ಪಟ್ಟಿಯಲ್ಲಿ ಇವತ್ತು 61 ಶಾತೊಗಳಿವೆ, ಅಂದರೆ ವೈನು ತಯಾರಿಸುವ ತೋಟ-ಮನೆಗಳು. ಮೊದಲ ದರ್ಜೆಯ ಐದನ್ನು ಪಕ್ಕಕ್ಕಿಟ್ಟರೂ ನಾಲ್ಕನೆಯ ದರ್ಜೆಯ ತಾಲ್ಬೊ, ಐದನೆಯ ದರ್ಜೆಯ ಕಾಂತ್‌ಮೆರ್ಲ್ ಉಳಿಯುತ್ತವೆ. ಪಟ್ಟಿಗೇ ಸೇರದ ಶಾಸ್-ಸ್ಪ್ಲೀನ್, ಸೊಸಿಯಾಂದೊ-ಮಾಲೆ ಇವೆ. ಇವೆಲ್ಲ ಇಪ್ಪತ್ತು ವರ್ಷ ಧಾರಾಳವಾಗಿ ತಾಳುವ ವೈನುಗಳು.

ಅಕ್ಟೋಬರ್

ಮೊದಲ ಕೆಲಸ ಜಾಗ ನೋಡುವುದು. ನಮ್ಮ ಅಪಾರ್ಟ್‌ಮೆಂಟಿನ ಕೆಳಗೆ ಪ್ರತಿ ಮನೆಗೂ ಒಂದೊಂದು ಪುಟ್ಟ ನೆಲಮಾಳಿಗೆ ಇದೆ. ಹೆಚ್ಚಿನವರು ಅಲ್ಲಿ ಹಳೇ ಸೈಕಲ್ಲು, ಸೂಟ್‌ಕೇಸು ತುಂಬಿದ್ದಾರೆ. ಉಷ್ಣತೆ ಬರೆದಿಡುವ ಸಣ್ಣ ಯಂತ್ರವೊಂದನ್ನು ಬೇಸಿಗೆಯಲ್ಲೇ ಅಲ್ಲಿಟ್ಟಿದ್ದೆ. ಆಗಸ್ಟ್‌ನ ಸುಡುಬಿಸಿಲಲ್ಲೂ 19 ಡಿಗ್ರಿ ದಾಟಿಲ್ಲ, ಏರಿಳಿತವೂ ನಿಧಾನ. ಪುಸ್ತಕದ ಲೆಕ್ಕಕ್ಕೆ 12-13 ಡಿಗ್ರಿ, 70 ಶೇಕಡಾ ತೇವ ಇರಬೇಕು. ಐದಾರು ವರ್ಷದೊಳಗೆ ಕುಡಿಯುವ ಬಾಟಲಿಗಳಿಗೆ ನನ್ನ ಮಾಳಿಗೆ ಸಾಕು. ಇನ್ನೂ ಇಪ್ಪತ್ತು ವರ್ಷ ಇಡುವುದಕ್ಕೆ ಸಾಲದು. ಹಾಗಾಗಿ ಹೊಸ ಸುಗ್ಗಿಯ ವೈನನ್ನು ಪೀಪಾಯಿಯಲ್ಲಿರುವಾಗಲೇ ಮುಂಗಡ ಕೊಟ್ಟು ಕಾದಿರಿಸುವ ‘ಆಂ ಪ್ರಿಮರ್’ ಪದ್ಧತಿ ನನಗೆ ಹೊಂದುವುದಿಲ್ಲ. ಬೇರೆ ಯಾರೋ ಕಾದು ಮಾಗಿಸಿದ್ದನ್ನು ಕೊಳ್ಳುವುದೇ ನನ್ನ ದಾರಿ.

ಕಾಯುವುದೇಕೆ ಎಂದು ಮನೆಗೆ ಬಂದವರು ಕೇಳುತ್ತಾರೆ. ಮೆದೊಕ್‌ನ ಮುಖ್ಯ ದ್ರಾಕ್ಷಿ ಕಾಬೆರ್ನೆ ಸೊವಿನ್ಯೊಂ. ಹಣ್ಣು ಚಿಕ್ಕದು, ಸಿಪ್ಪೆ ದಪ್ಪ. ಆ ಸಿಪ್ಪೆಯಿಂದ, ಬೀಜದಿಂದ ಇಳಿಯುವ ಟ್ಯಾನಿನ್ ಎಳೆಯ ವೈನಿಗೆ ನಾಲಿಗೆ ಹಿಡಿದುಕೊಳ್ಳುವಂಥ ಒಗರು ಕೊಡುತ್ತದೆ. ವರ್ಷಗಳು ಉರುಳಿದಂತೆ ಟ್ಯಾನಿನ್ನೂ ಬಣ್ಣದ ಕಣಗಳೂ ಒಂದಕ್ಕೊಂದು ಕೂಡಿ ಭಾರವಾಗಿ ಗಷ್ಟಾಗಿ ತಳ ಸೇರುತ್ತವೆ. ಒಗರು ಇಳಿಯುತ್ತದೆ, ನೇರಳೆ ಬಣ್ಣ ಇಟ್ಟಿಗೆಯ ಕಡೆಗೆ ವಾಲುತ್ತದೆ, ಹಣ್ಣಿನ ವಾಸನೆಯ ಹಿಂದೆ ಬೇರೆ ವಾಸನೆಗಳು ಏಳುತ್ತವೆ.

ಡಿಸೆಂಬರ್

ದ್ರಾಕ್ಷಿ ಸುಗ್ಗಿಯ ವರ್ಷಗಳನ್ನು ಆರಿಸಿದೆ. 1982, 1996, 2000, 2005 ಎಂದರೆ ಎಲ್ಲರೂ ಕೈ ಎತ್ತುತ್ತಾರೆ, ಬೆಲೆಯೂ ಹಾಗೇ ಏರಿರುತ್ತದೆ. ನಾನು ನೋಡುವುದು ಅವುಗಳ ಪಕ್ಕದ ವರ್ಷಗಳನ್ನು. 2000ದ ಗದ್ದಲ ಮುಗಿಯುವುದರೊಳಗೆ ಬಂದ 2001 ಸಮತೂಕದ, ಕುಡಿಯಲು ಹಿತವಾದ ವರ್ಷ. 2003ರ ಬಿರುಬೇಸಿಗೆಗೂ ಹೆಸರುವಾಸಿ 2005ಕ್ಕೂ ನಡುವೆ ಸಿಕ್ಕಿಕೊಂಡ 2004 ಸ್ವಲ್ಪ ಬಿಗಿ, ಆದರೆ ಹಳೆಯ ಶೈಲಿಯ ನೇರ ಮೆದೊಕ್. 1998 ಮೆರ್ಲೊ ದ್ರಾಕ್ಷಿ ಬೆಳೆಯುವ ಬಲದಂಡೆಯವರಿಗೆ ಒಲಿದ ವರ್ಷವೆಂದು ಎಡದಂಡೆಯದು ತುಸು ಅಗ್ಗ. ನೆರೆಯವನ ಕೀರ್ತಿಯಿಂದ ಬೆಲೆ ಇಳಿದ ವೈನು ರುಚಿಯಲ್ಲೂ ಇಳಿದಿರಬೇಕೆಂದೇನಿಲ್ಲ.

ಫೆಬ್ರವರಿ

ಈ ತಿಂಗಳದ್ದು ಸ್ವಲ್ಪ ವಿವರವಾಗಿ ಬರೆಯಬೇಕು.

ಇಲ್ಲಿ ಮನೆಯ ಹಿರಿಯರು ತೀರಿಕೊಂಡರೆ, ಇಲ್ಲವೇ ದೊಡ್ಡ ಮನೆ ಬಿಟ್ಟು ಚಿಕ್ಕದಕ್ಕೆ ಹೋದರೆ, ಅವರ ನೆಲಮಾಳಿಗೆ ಹಾಗೇ ಹರಾಜಿಗೆ ಬರುತ್ತದೆ. ಹರಾಜಿಗೆ ಮುಂಚೆ ಸರಕನ್ನು ನೋಡಲು ಬಿಡುತ್ತಾರೆ. ಅಂಥದೊಂದು ಸಂಗ್ರಹ ನೋಡಲು ಹೋಗಿದ್ದೆ. ಒಬ್ಬರೇ ಯಜಮಾನರು, ಒಂದೇ ಮಾಳಿಗೆ, ಕೊಂಡಾಗಿನ ರಸೀದಿಗಳು ಕೂಡ ಕಡತದಲ್ಲಿದ್ದವು.

ಕ್ಯಾಟಲಾಗಿನ ಭಾಷೆ ಕಲಿಯಲೇಬೇಕು. ‘ಬಾ ಗುಲೊ’ ಅಂದರೆ ವೈನಿನ ಮಟ್ಟ ಕತ್ತಿನ ಬುಡದಲ್ಲಿದೆ ಎಂದು. ಇಪ್ಪತ್ತು-ಇಪ್ಪತ್ತೈದು ವರ್ಷದ ಬಾಟಲಿಗೆ ಅದು ಸಹಜ. ‘ಓತ್ ಎಪೋಲ್’ ಅಂದರೆ ಭುಜದ ಮೇಲ್ಭಾಗ. 80ರ ದಶಕದ್ದಾದರೆ ಒಪ್ಪಬಹುದು. ‘ಮಿ-ಎಪೋಲ್’ ಅಂದರೆ ಅರ್ಧ ಭುಜ. ಅಲ್ಲಿಗೆ ಬಿರಡೆ ಸೋತು ಗಾಳಿ ಒಳಗೆ ಹೋಗಿದೆ ಎಂದು ನಾನು ಮುಟ್ಟುವುದಿಲ್ಲ. ಫ್ರಾನ್ಸಿನ ಇನ್ನೊಂದು ವೈನು ಸೀಮೆ ಬುರ್ಗುಂದಿಯ ಬಾಟಲಿಗೆ ಇಂಥ ಭುಜವೇ ಇಲ್ಲದ ಕಾರಣ ಅಲ್ಲಿ ಬಿರಡೆಯಿಂದ ಕೆಳಗೆ ಎಷ್ಟು ಸೆಂಟಿಮೀಟರ್ ಎಂದು ಅಳೆದು ಬರೆಯುತ್ತಾರೆ.

ತಾಲ್ಬೊ 2004, ಆರು ಬಾಟಲಿ, ಮರದ ಪೆಟ್ಟಿಗೆ. ಒಂದೊಂದನ್ನೇ ಮೆಲ್ಲಗೆ ಎತ್ತಿ ಹಿಂದಿನಿಂದ ಮೊಬೈಲ್ ಟಾರ್ಚು ಹಿಡಿದೆ. ಆರರ ಮಟ್ಟವೂ ಒಂದೇ ಗೆರೆಯಲ್ಲಿತ್ತು. ಬಣ್ಣ ಮಾಣಿಕ್ಯದಂತೆ ಸ್ವಚ್ಛ, ಒಂದರಲ್ಲೂ ಕದಡಿಲ್ಲ. ಕತ್ತಿನ ತಗಡಿನ ಕೆಳಗೆ ಅಂಟು ಇಲ್ಲ, ಸೋರಿದ ಕಲೆ ಇಲ್ಲ. ಬಿರಡೆ ಮೇಲಕ್ಕೆ ಉಬ್ಬಿಲ್ಲ. ಉಬ್ಬಿದ್ದರೆ ಬಾಟಲಿ ಬಿಸಿಗೆ ಸಿಕ್ಕಿದೆ ಎಂದು ಅನುಮಾನಿಸಬೇಕು. ಬಾಟಲಿಯ ಮೇಲಿನ ಚೀಟಿಗಳು ಮಾತ್ರ ತೇವಕ್ಕೆ ಕಂದಿ ಮೂಲೆಗಳಲ್ಲಿ ಬೂಷ್ಟು ಹಿಡಿದಿದ್ದವು.

ಆ ಬೂಷ್ಟು ಕಂಡು ನನಗೆ ಧೈರ್ಯ ಬಂತು. ಮಾಳಿಗೆ ತಂಪಾಗಿಯೂ ತೇವವಾಗಿಯೂ ಇತ್ತು, ಬಿರಡೆ ಒಣಗಿಲ್ಲ ಎನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಚೀಟಿ ಹೊಚ್ಚಹೊಸದಾಗಿದ್ದು ಮಟ್ಟ ಕೆಳಗಿಳಿದಿದ್ದರೆ ಅದನ್ನು ಬೆಚ್ಚಗಿನ ಒಣ ಕೋಣೆಯಲ್ಲಿಟ್ಟಿದ್ದರೆಂದು ಶಂಕಿಸುತ್ತೇನೆ. ಆದರೆ ಬಹಳ ಜನ ಚಂದದ ಚೀಟಿಗೇ ಹೆಚ್ಚು ಕೊಡುತ್ತಾರೆ. ಹಳೆಯ ವೈನಿನಲ್ಲಿ ನಾವು ಕೊಳ್ಳುವುದು ಹೆಸರನ್ನಾಗಲೀ ವರ್ಷವನ್ನಾಗಲೀ ಅಲ್ಲ, ಅದು ಮಲಗಿದ್ದ ಮಾಳಿಗೆಯನ್ನು. ಹತ್ತು ಕೈ ಬದಲಾಯಿಸಿದ ಎರಡನೆಯ ದರ್ಜೆಯ ಗ್ರುವೊ-ಲಾರೋಸ್‌ಗಿಂತ ಒಂದೇ ಕಡೆ ಅಲ್ಲಾಡದೆ ಮಲಗಿದ್ದ ಶಾಸ್-ಸ್ಪ್ಲೀನ್ ಮೇಲು.

ಸುತ್ತಿಗೆ 270 ಯೂರೊಗೆ ಬಿತ್ತು. ಕೊಳ್ಳುವವರ ಕಮಿಷನ್ 24 ಶೇಕಡಾ ಸೇರಿ ಬಾಟಲಿಗೆ ಸುಮಾರು 56 ಯೂರೊ. ಹರಾಜಿಗೆ ಹೊಸದಾಗಿ ಇಳಿಯುವವರು ಈ ಕಮಿಷನ್ನನ್ನು ಮೊದಲೇ ಕಳೆದು ತಮ್ಮ ಮಿತಿ ನಿಗದಿ ಮಾಡಿಕೊಳ್ಳಬೇಕು. ಪೈಪೋಟಿಯ ಬಿಸಿಯಲ್ಲಿ ಲೆಕ್ಕ ಹಾಕಲು ಪುರುಸೊತ್ತು ಸಿಗುವುದಿಲ್ಲ.

ನಕಲಿಯ ಭಯವಿಲ್ಲವೇ? ದುಬಾರಿ ವೈನುಗಳ ನಕಲಿ ಬಾಟಲಿ ಮಾರಿದ ರೂಡಿ ಕುರ್ನಿಯಾವಾನ್ ಪ್ರಕರಣ ಎಲ್ಲರಿಗೂ ನೆನಪಿದೆ. ಬುರ್ಗುಂದಿಯ ಪೊಂಸೊ ಮನೆತನ 80ರ ದಶಕಕ್ಕೆ ಮುಂಚೆ ತಯಾರಿಸಿಯೇ ಇಲ್ಲದ ಕ್ಲೊ ಸಾಂ-ದೆನಿ ಎಂಬ ವೈನಿನ 1945ರ ಬಾಟಲಿ 2008ರಲ್ಲಿ ನ್ಯೂಯಾರ್ಕ್ ಹರಾಜಿನ ಪಟ್ಟಿಗೆ ಬಂದಿತ್ತು. ಲೊರಾಂ ಪೊಂಸೊ ಸ್ವತಃ ಹೋಗಿ ಅದನ್ನು ಹಿಂತೆಗೆಸಿದರು. ಕುರ್ನಿಯಾವಾನ್‌ಗೆ 2014ರಲ್ಲಿ ಹತ್ತು ವರ್ಷ ಶಿಕ್ಷೆಯಾಯಿತು. ಆದರೆ ಅಷ್ಟು ಕಷ್ಟಪಟ್ಟು ನಕಲು ಮಾಡುವವರು 50 ಯೂರೊದ ಬಾಟಲಿಗೆ ಕೈ ಹಾಕುವುದು ಅಪರೂಪ. ನನ್ನ ಮಟ್ಟದಲ್ಲಿ ಶತ್ರು ಎಂದರೆ ಶಾಖ ಒಂದೇ.

ಮಾರ್ಚ್

ಮತ್ತೊಂದು ಕಡೆಯಿಂದ ಅಂಚೆಯಲ್ಲಿ ಕಾಂತ್‌ಮೆರ್ಲ್ 2001 ಬಂತು. ಜುಲೈ, ಆಗಸ್ಟ್‌ನಲ್ಲಿ ನಾನು ಏನನ್ನೂ ತರಿಸುವುದಿಲ್ಲ. ಲಾರಿಯೊಳಗಿನ ಒಂದು ಮಧ್ಯಾಹ್ನ ಇಪ್ಪತ್ತು ವರ್ಷದ ಕಾಪಾಡುವಿಕೆಯನ್ನು ಹಾಳು ಮಾಡಬಲ್ಲದು.

ಏಪ್ರಿಲ್

ತಾಲ್ಬೊದ ಮೊದಲ ಬಾಟಲಿ ತೆಗೆದೆ. ಗಷ್ಟು ತಳಕ್ಕಿಳಿಯಲೆಂದು ಎರಡು ದಿನ ಮುಂಚೆಯೇ ನೆಟ್ಟಗೆ ನಿಲ್ಲಿಸಿದ್ದೆ. ಹಳೆಯ ಬಿರಡೆಗೆ ತಿರುಪಿನ ಓಪನರ್ ಹಾಕಿದರೆ ನಡುವೆ ಪುಡಿಯಾಗುವುದುಂಟು. ಎರಡು ತೆಳು ಅಲಗುಗಳ ಓಪನರನ್ನು ಬಿರಡೆಯ ಇಕ್ಕೆಲಕ್ಕೂ ಇಳಿಸಿ ನಿಧಾನ ತಿರುಗಿಸುತ್ತ ಎಳೆದೆ. ಇಡಿಯಾಗಿ ಬಂತು. ಶಾತೊದ ಹೆಸರು, ವರ್ಷ ಬಿರಡೆಯ ಮೇಲೆ ಸ್ಪಷ್ಟವಾಗಿದ್ದವು. ಕೆಂಪು ಏರಿದ್ದು ತುದಿಯ ಸ್ವಲ್ಪಕ್ಕೆ ಮಾತ್ರ. ದೀಪದೆದುರು ಬಾಟಲಿಯ ಕತ್ತು ಹಿಡಿದು ಬೇರೆ ಪಾತ್ರೆಗೆ ಬಗ್ಗಿಸಿ, ಗಷ್ಟಿನ ಕಪ್ಪು ಗೆರೆ ಭುಜಕ್ಕೆ ಬಂದ ಕೂಡಲೆ ನಿಲ್ಲಿಸಿದೆ.

ಮೊದಲ ಹತ್ತು ನಿಮಿಷ ಮುಚ್ಚಿಕೊಂಡಂತಿತ್ತು. ಆಮೇಲೆ ದೇವದಾರು, ಒಣ ತಂಬಾಕು, ಅದರ ಹಿಂದಿನಿಂದ ನಮ್ಮ ಶಿರಸಿ ಕಡೆ ಸೊಪ್ಪಿನ ಬೆಟ್ಟದಲ್ಲಿ ಮಳೆ ನಿಂತ ಮೇಲೆ ದರಕು ಕೆದಕಿದಾಗ ಏಳುವಂಥ ವಾಸನೆ. ಒಗರು ಪೂರ್ತಿ ಹೋಗಿಲ್ಲ, ನಾಲಿಗೆಯ ಅಂಚಿನಲ್ಲಿ ನುಣ್ಣಗೆ ಉಳಿದಿದೆ. ಉಳಿದ ಐದಕ್ಕೆ ಇನ್ನೂ ಕೆಲವು ವರ್ಷ ಆಯುಸ್ಸಿದೆ, ವರ್ಷಕ್ಕೊಂದರಂತೆ ತೆಗೆಯುತ್ತೇನೆ.

ಮೇ

ಮಾಳಿಗೆಯ ಕೆಳಗಿನ ಎರಡು ಹಲಗೆ ತುಂಬಿವೆ. ಮುಂದಿನ ತಿಂಗಳ ಹರಾಜಿನಲ್ಲಿ ಲೆಯೊವಿಲ್ ಬಾರ್ತೊಂ 2004 ಇದೆ. ಸಾಂ-ಜೂಲಿಯಾಂನದು, ಎರಡನೆಯ ದರ್ಜೆ, ಪೆಟ್ಟಿಗೆ ಮೊಳೆ ಕಿತ್ತಿಲ್ಲವಂತೆ. ಬಾಟಲಿಗೆ 56ರವರೆಗೆ ಕೂಗುತ್ತೇನೆ, ಕಮಿಷನ್ ಸೇರಿದರೆ ಮಿತಿಗೆ ಸರಿಹೋಗುತ್ತದೆ. ಅದಕ್ಕೂ ಮೇಲೆ ಹೋದರೆ ಆ ದುಡ್ಡನ್ನು ಫ್ರಾನ್ಸಿನ ದಕ್ಷಿಣ ಕರಾವಳಿಯ ಬಾಂದೊಲ್‌ಗೆ ತಿರುಗಿಸುವುದೆಂದು ತೀರ್ಮಾನಿಸಿದ್ದೇನೆ. ಅಲ್ಲಿನ ಕೆಂಪು ವೈನಿನಲ್ಲಿ ಅರ್ಧದಷ್ಟಾದರೂ ಮೂರ್ವೆದ್ರ್ ದ್ರಾಕ್ಷಿ ಇರಲೇಬೇಕು, 18 ತಿಂಗಳು ಮರದಲ್ಲಿ ಕಳೆಯಲೇಬೇಕು ಎಂಬ ನಿಯಮವಿದೆ. ಇಪ್ಪತ್ತು ವರ್ಷದ ಬಾಂದೊಲ್‌ಗೆ ಹರಾಜಿನಲ್ಲಿ ಕೈ ಎತ್ತುವವರು ಇನ್ನೂ ಕಡಿಮೆಯೇ.